ಉತ್ತರದ ಗೇಟಿನ ಕಾನೂನು

ಜನವರಿ ೯

ಮಗಳೇ,

ಮೊದಲು ಮುಖ್ಯ ವಿಷಯ. ‘ಉತ್ತರದ ಗೇಟು’ ಸೀರಿಯಲ್ ಈ ಆಸ್ಪತ್ರೆಯಲ್ಲೂ ಬರುತ್ತದೆ. ವಾರ್ಡಿನ ಕೊನೆಗೆ ಒಂದು ದೊಡ್ಡ ಕೋಣೆ ಇದೆ, ಕಿಟಕಿಗಳನ್ನು ಮುಚ್ಚುವ ಹಾಗಿಲ್ಲ, ಗೋಡೆಗೆ ಹೊಡೆದ ಟಿವಿ. ಅದರ ರಿಮೋಟು ಮೂಲೆಯ ಹಾಸಿಗೆಯ ರಿಟೈರ್ಡ್ ಟೀಚರಮ್ಮನ ದಿಂಬಿನ ಕೆಳಗೆ. ಆಕೆಗೆ ಬೇಕಾದ್ದು ಅಡುಗೆ ಕಾರ್ಯಕ್ರಮ. ಮಾತ್ರೆ ನುಂಗಿ ನುಂಗಿ ಇಲ್ಲಿ ಒಬ್ಬರಿಗೂ ಊಟ ಸೇರುವುದಿಲ್ಲ, ಆದರೂ ಅಡುಗೆ ಕಾರ್ಯಕ್ರಮ! ಶನಿವಾರ ಸಂಜೆ ಎದುರಿಗೆ ಹೋಗಿ ನಿಂತು, “ಟೀಚರ್, ರಿಮೋಟ್ ಕೊಡ್ತೀರೋ, ಇಲ್ಲಾ ನಿಮ್ಮ ಕಡೆ ತಿರುಗಿ ಕೆಮ್ಮಲೋ?” ಎಂದೆ. “ಕೆಮ್ಮಮ್ಮಾ, ನನ್ನ ಹತ್ತಿರ ಇಲ್ಲದ್ದೇನು ಕೊಡ್ತೀಯಾ ನೋಡೋಣ” ಎಂದು ನಕ್ಕು ರಿಮೋಟ್ ಕೊಟ್ಟರು.

ಅವರಿಗೆ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಸುತ್ತ ಗೋಡೆ ಇರುವ ಊರು. ಗೋಡೆಯಾಚೆ ಸತ್ತು ಎದ್ದವರ ಹಿಂಡು. ಕಚ್ಚಿಸಿಕೊಂಡವರು ಮರುದಿನಕ್ಕೆ ತಾವೂ ಹಾಗೇ ಆಗುತ್ತಾರೆ, ಅದಕ್ಕೇ ಕಚ್ಚಿಸಿಕೊಂಡದ್ದು ಗೊತ್ತಾದ ಕೂಡಲೇ ಅವರನ್ನು ಉತ್ತರದ ಗೇಟಿನಿಂದ ಹೊರಗೆ ದಬ್ಬಬೇಕು, ಅದು ಅಲ್ಲಿಯ ಕಾನೂನು. ಇಷ್ಟು ಹೇಳಿ, ನನ್ನ ಸಿದ್ಧಾಂತವನ್ನೂ ಹೇಳಿದೆ. ರೋಗ ಶುರುವಾದದ್ದು ಕಚ್ಚಿದ್ದರಿಂದ ಅಲ್ಲ, ಗಿರಣಿಯ ಹಿಟ್ಟಿನಿಂದ. ಮೊದಲ ಸೀಸನ್ನಿನಲ್ಲಿ ಬಿದ್ದವರೆಲ್ಲ ಒಂದೇ ಗಿರಣಿಯ ಹಿಟ್ಟು ತಿಂದವರು. ಬೇಕರಿಯಲ್ಲಿ ಯಜಮಾನರಿಂದ ಹಿಡಿದು ಬ್ರೆಡ್ಡು ಸುತ್ತುವ ಗುಬ್ಬಿಯವರೆಗೆ ಎಲ್ಲರನ್ನೂ ಒಪ್ಪಿಸಿದ್ದೇನೆ, ಟೀಚರಮ್ಮ ಯಾವ ಲೆಕ್ಕ.

ಈಗ ಎರಡನೇ ವಿಷಯ. ನಾನು ನಿನ್ನ ದೊಡ್ಡಮ್ಮನ ಮನೆಗೆ ಹೋಗಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೀಯಂತೆ. ಯಾವ ಅಕ್ಕ ನನ್ನನ್ನು ಒಂದು ವಾರಕ್ಕಿಂತ ಹೆಚ್ಚು ಸಹಿಸಿಕೊಂಡಾಳು? ಸುಳ್ಳು ಹೇಳುವುದಾದರೆ ನಂಬುವ ಹಾಗಾದರೂ ಹೇಳಬಾರದೇ. ಇಲ್ಲಿ ಸೇರಿಸುವಾಗ ನರ್ಸ್ “ಅಮ್ಮ ಎಲ್ಲಿ ಕೆಲಸ ಮಾಡ್ತಾರೆ?” ಎಂದು ಕೇಳಿದಾಗಲೂ ನೀನು “ಮನೇಲೇ ಇರ್ತಾರೆ” ಎಂದೆ. ನನಗೆ ಉಸಿರಿದ್ದಿದ್ದರೆ ಅಲ್ಲೇ ನಿನ್ನ ಕಿವಿ ಹಿಂಡುತ್ತಿದ್ದೆ. ಬೇಕರಿಯ ಭಟ್ಟಿಯ ಮುಂದೆ ನಿಂತು ನಿನ್ನನ್ನು ಸಾಕಿದವಳು ಮನೆಯಲ್ಲೇ ಇದ್ದಳಂತೆ!

ಫ್ರಿಜ್ಜಿನಲ್ಲಿ ಗಾಜಿನ ಜಾಡಿಯಲ್ಲಿ ನನ್ನ ಹುಳಿಹಿಟ್ಟು ಇದೆ. ವಾರಕ್ಕೊಮ್ಮೆ ಅರ್ಧ ತೆಗೆದು ಹಾಕಿ, ಹೊಸ ಹಿಟ್ಟು, ನೀರು ಕಲಸಿ ಇಡು. ಬೇಕರಿಯ ತೊಟ್ಟಿಯಲ್ಲಿರುವ ಹಿಟ್ಟಿನದೇ ಒಂದು ಹಿಡಿ ಅದು. ಅದನ್ನು ಸಾಯಿಸಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ಫೋನು ಬೇಡ. ಎರಡನೇ ಮಾತಿಗೆ ನನಗೆ ಕೆಮ್ಮು ಬರುತ್ತದೆ, ಮೂರನೆಯದಕ್ಕೆ ನಿನಗೆ ಅಳು. ಬರೆ. ಭಾನುವಾರಗಳಂದು ಇಲ್ಲಿಯ ವರಾಂಡದಲ್ಲಿ ನೋಡಲು ಬರುವವರಿಗೆ ಕುರ್ಚಿ ಹಾಕುತ್ತಾರೆ. ಸುಮ್ಮನೆ ಹೇಳಿದೆ.

ಕಚ್ಚಿಸಿಕೊಂಡೂ ಇನ್ನೂ ನೆಟ್ಟಗಿರುವ,
ನಿನ್ನ ಅಮ್ಮ


ಜನವರಿ ೨೦

ಅಮ್ಮಾ,

ನಿನ್ನ ಪತ್ರವನ್ನು ತಾರಸಿಯ ಮೇಲೆ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಸಿಕ್ಕಿಸಿ, ಮಧ್ಯಾಹ್ನದವರೆಗೆ ಬಿಸಿಲಿಗೆ ಒಣಗಿಸಿ, ಆಮೇಲೆ ಓದಿದೆ. ಬೈಯಬೇಡ. ಕಾಗದದಿಂದ ಹರಡುವುದಿಲ್ಲ ಎಂದು ನನಗೂ ಹೇಳಿದ್ದಾರೆ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ.

ನಿನ್ನ ಹಿಟ್ಟಿಗೆ ಊಟ ಹಾಕಿದೆ. ಮುಚ್ಚಳ ತೆಗೆದರೆ ವಾಸನೆ ಮುಖಕ್ಕೇ ಹೊಡೆಯುತ್ತದೆ. ಇದನ್ನು ನೀನು ಹೇಗೆ ಪ್ರೀತಿಸುತ್ತೀಯೋ ದೇವರೇ ಬಲ್ಲ.

ಸೀರಿಯಲ್ಲನ್ನು ಒಬ್ಬಳೇ ನೋಡಿದೆ. ಪಕ್ಕದಲ್ಲಿ ಕೂತು “ಮಾಸ್ಕ್ ಹಾಕ್ಕೊಳ್ರೋ ಕತ್ತೆಗಳಾ” ಎಂದು ಕೂಗುವವರು ಇಲ್ಲದೆ ಮಾತುಗಳೆಲ್ಲ ಸರಿಯಾಗಿ ಕೇಳಿಸಿದವು. ಆದರೆ ಮಜಾ ಬರಲಿಲ್ಲ. ನಿನ್ನ ಹಿಟ್ಟಿನ ಸಿದ್ಧಾಂತ ಶುದ್ಧ ತಲೆಹರಟೆ ಎಂದು ಮೊದಲೇ ಹೇಳಿದ್ದೇನೆ. ಹಿಟ್ಟಿನಿಂದ ಬಂದಿದ್ದರೆ ದಿನವಿಡೀ ಅದರ ಧೂಳು ಕುಡಿದ ಗಿರಣಿಯವಳೇ ಮೊದಲು ಸಾಯಬೇಕಿತ್ತು, ಅವಳಿನ್ನೂ ಗುಂಡುಕಲ್ಲಿನ ಹಾಗಿದ್ದಾಳೆ. ಕಚ್ಚಿದರೆ ಬರುತ್ತದೆ, ಕಚ್ಚದಿದ್ದರೆ ಇಲ್ಲ, ಅಷ್ಟೇ. ಗೇಟಿನ ಕಾನೂನು ಕ್ರೂರ, ಒಪ್ಪಿದೆ. ಆದರೆ ಅದಿಲ್ಲದಿದ್ದರೆ ಆ ಊರು ಮೊದಲ ಸೀಸನ್ನಿಗೇ ಮುಗಿದುಹೋಗುತ್ತಿತ್ತು.

ಯಜಮಾನರು ಸಿಕ್ಕಿದ್ದರು. “ನಿಮ್ಮಮ್ಮ ಯಾವಾಗ ಬರ್ತಾರಮ್ಮಾ? ಹೊಸಬನ ಕೈಗೆ ಭಟ್ಟಿಯ ಹದವೇ ಸಿಕ್ತಿಲ್ಲ” ಎಂದರು. ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಎಂದೆ. ದೊಡ್ಡಮ್ಮನ ಮಂಡಿಗೆ ಏನೂ ಆಗದಿರಲಿ. ಗುಬ್ಬಿ ಕೂಡ ಒಂದು ದಿನ ಮನೆಗೆ ಬಂದಿದ್ದಳು, ಮಕ್ಕಳನ್ನು ಕರೆದುಕೊಂಡು. ಬಹಳ ಇಳಿದುಹೋಗಿದ್ದಾಳೆ. ಕೂತಷ್ಟು ಹೊತ್ತೂ ಕೆಮ್ಮಿದಳು. ಬ್ರೆಡ್ಡು ಸುತ್ತುವ ಕಾಗದದ ಧೂಳು ಎಂದಳು.

ವರಾಂಡದ ವಿಷಯ ಓದಿದೆ. ನಮ್ಮ ಕನ್ನಡಕದ ಅಂಗಡಿಯಲ್ಲಿ ಭಾನುವಾರವೇ ಗಿರಾಕಿಗಳು ಜಾಸ್ತಿ.

ನಿನ್ನ ಮಗಳು


ಜನವರಿ ೨೭

ಮಗಳೇ,

ಗುಬ್ಬಿ ಎಂದಿನಿಂದ ಕೆಮ್ಮುತ್ತಿದ್ದಾಳೆ?

ನಾಲ್ಕು ಸಾಲು ಸೀರಿಯಲ್ಲಿನ ಬಗ್ಗೆ, ನಾಲ್ಕು ಸಾಲು ದೊಡ್ಡಮ್ಮನ ಮಂಡಿಯ ಬಗ್ಗೆ ಬರೆದು, ಇದನ್ನು ಬಾಲದ ಹಾಗೆ ಕೊನೆಗೆ ಸಿಕ್ಕಿಸಿದ್ದೀಯಲ್ಲ. ವರ್ಷಗಟ್ಟಲೆ ನಾನು ಭಟ್ಟಿಯಿಂದ ತೆಗೆದದ್ದನ್ನು ಅವಳು ಸುತ್ತಿದ್ದಾಳೆ. ನಮ್ಮಿಬ್ಬರ ನಡುವೆ ಒಂದು ಮೇಜು, ಅಷ್ಟೇ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದನ್ನೂ ಹಿಟ್ಟಿಗೆ ಗಾಳಿ ತಾಗಬಾರದೆಂದು ಮುಚ್ಚಿಸಿದವಳು ನಾನೇ. ನಾನು ಅವಳಿಗೆ ಕೊಟ್ಟೆನೋ, ಅವಳು ನನಗೆ ಕೊಟ್ಟಳೋ, ಆ ಪಂಚಾಯಿತಿ ಈಗ ಬೇಡ. ಅವಳು ಕಫ ಪರೀಕ್ಷೆ ಮಾಡಿಸಲಿ. ಮಕ್ಕಳದ್ದೂ ಆಗಲಿ. ಹೋಗಿ ಹೇಳು. ಏನಾಗಿದೆ, ಯಾರಿಗೆ ಆಗಿದೆ, ಎಲ್ಲ ಹೇಳು.

ಈ ವಾರ ನೋಡಿದೆಯಾ? ಸೀರಿಯಲ್ಲಿನ ನರ್ಸಿಗೆ ಸತ್ತು ಎದ್ದವನೊಬ್ಬ ಕಚ್ಚುತ್ತಾನೆ. ಅವಳು ಏನು ಮಾಡಿದಳು? ಅಂಗಿಯ ತೋಳನ್ನು ಕೆಳಗೆಳೆದುಕೊಂಡು, ಗುಂಡಿ ಹಾಕಿ, ಮತ್ತೆ ಆಸ್ಪತ್ರೆಯೊಳಗೆ ಹೋದಳು. ಇಲ್ಲಿ ಎಲ್ಲರೂ ಅವಳಿಗೆ ಹಿಡಿಶಾಪ ಹಾಕಿದರು. ಟೀಚರಮ್ಮ ಮಾತ್ರ ಮೆಲ್ಲಗೆ, “ನಾನೂ ಹಾಗೇ ಒಂದು ವರ್ಷ ಪಾಠ ಮಾಡಿದೆ” ಎಂದರು.

ನನಗೆ ಆಗ ಹೊಳೆಯಿತು, ಮಗಳೇ. ನನ್ನ ಹಿಟ್ಟಿನ ಸಿದ್ಧಾಂತವೂ ಸುಳ್ಳು, ನಿನ್ನ ಹಲ್ಲಿನ ಸಿದ್ಧಾಂತವೂ ಸುಳ್ಳು. ಆ ಊರಿನಲ್ಲಿ ರೋಗ ಹರಡುತ್ತಿರುವುದು ಗೇಟಿನ ಕಾನೂನಿನಿಂದ. ತೋಳು ಮಡಿಸಿ ತೋರಿಸಿದವರನ್ನು ಆಚೆ ದಬ್ಬುತ್ತಾರೆ ಎಂದಮೇಲೆ ಯಾವ ಮುಟ್ಠಾಳ ತೋರಿಸುತ್ತಾನೆ? ಎಲ್ಲರೂ ಗುಂಡಿ ಹಾಕಿಕೊಂಡು ಓಡಾಡುತ್ತಾರೆ. ಊರು ಒಳಗಿನಿಂದಲೇ ಕೊಳೆಯುತ್ತದೆ. ನೀನು ಹೇಳುತ್ತೀಯಲ್ಲ, ಕಾನೂನಿನಿಂದ ಊರು ಉಳಿದಿದೆ ಎಂದು, ನೋಡುತ್ತಿರು, ಅದರಿಂದಲೇ ಮುಳುಗುತ್ತದೆ.

ಗುಬ್ಬಿಗೆ ಹೇಳು.

ಅಮ್ಮ


ಫೆಬ್ರವರಿ ೩

ಅಮ್ಮಾ,

ಹೇಳುವುದಿಲ್ಲ.

ನೀನು ಎಷ್ಟು ಬೇಕಾದರೂ ಕೂಗು. ನೀನು ಅಲ್ಲಿ ನಿನ್ನಂಥವರ ನಡುವೆ ಕೂತು ದೊಡ್ಡ ದೊಡ್ಡ ಮಾತಾಡುತ್ತೀಯಾ. ನಿನ್ನ ಗೇಟಿನ ಹೊರಗೆ ನಿಂತಿರುವವಳು ನಾನು. ಕೆಳಗಿನ ಮನೆಯ ಟೈಲರ್ ಆಂಟಿ ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು ನೋಡಿಬಿಟ್ಟಿದ್ದಾರೆ. ಈ ಸಲದ ಪತ್ರವನ್ನು ಇಕ್ಕಳದಲ್ಲಿ ಹಿಡಿದು ತಂದು ನನ್ನ ಬಾಗಿಲ ಮುಂದೆ ಇಟ್ಟರು. ಚಿಕ್ಕಂದಿನಲ್ಲಿ ನನಗೆ ಫ್ರಾಕ್ ಹೊಲಿದುಕೊಟ್ಟ ಆಂಟಿ, ಅಮ್ಮಾ! ಮೆಟ್ಟಿಲ ಕಟಕಟೆಯನ್ನು ನಾನು ಇಳಿದುಹೋದ ಮೇಲೆ ಒರೆಸುತ್ತಾರೆ. ನಾನು ಪರೀಕ್ಷೆ ಮಾಡಿಸಿಕೊಂಡಿದ್ದೇನೆ, ನನಗೇನೂ ಇಲ್ಲ ಎಂದು ಹಣೆಗೆ ಚೀಟಿ ಅಂಟಿಸಿಕೊಂಡು ಓಡಾಡಲೇ?

ನನ್ನ ಕೆಲಸ ಏನು ಎಂದು ಮರೆತೆಯಾ? ಕನ್ನಡಕ ಕೂರಿಸುವಾಗ ಗಿರಾಕಿಯ ಮುಖದ ಹತ್ತಿರ ಮುಖ ಇಟ್ಟು ಅಳತೆ ತೆಗೆಯಬೇಕು. ಅಂಗಡಿಯವರಿಗೆ ಗೊತ್ತಾದರೆ ಮರುದಿನ ನಾನು ಮನೆಯಲ್ಲಿ. ನಿನ್ನ ಭಟ್ಟಿಯ ಕಥೆಯೂ ಅಷ್ಟೇ. ಟಿಬಿ ಇದ್ದವಳು ನಾದಿದ ಬ್ರೆಡ್ಡನ್ನು ಯಾರು ತಿನ್ನುತ್ತಾರೆ? ನೀನು ವಾಸಿಯಾಗಿ ಬರುತ್ತೀಯಾ, ಯಾರಿಗೂ ಗೊತ್ತಾಗುವುದಿಲ್ಲ, ಮತ್ತೆ ಭಟ್ಟಿಯ ಮುಂದೆ ನಿಲ್ಲುತ್ತೀಯಾ, ಇಷ್ಟೇ ನನಗೆ ಬೇಕಾಗಿರುವುದು. ಇದರಲ್ಲಿ ತಪ್ಪೇನು? ಗುಬ್ಬಿಗೆ ಧೂಳಿನ ಕೆಮ್ಮು. ಅವಳೇ ಹೇಳಿದ್ದಾಳೆ.

ಸೀರಿಯಲ್ಲಿನ ನರ್ಸಿಗೆ ಇಬ್ಬರು ಮಕ್ಕಳಿದ್ದಾರೆ, ಅದಕ್ಕೇ ತೋಳು ಮುಚ್ಚಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಮಗಳು


ಫೆಬ್ರವರಿ ೬

ಮಗಳೇ,

ಗುಬ್ಬಿಗೂ ಇಬ್ಬರು ಮಕ್ಕಳಿದ್ದಾರೆ.

ಯಜಮಾನರಿಗೆ ಬರೆದು ಹಾಕಿದೆ. ಗುಬ್ಬಿಗೂ ಬೇರೆಯಾಗಿ ಬರೆದೆ. ಇಲ್ಲಿಯ ನರ್ಸಿಗೂ ನಿಜ ಹೇಳಿದೆ: ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದೆ, ಜೊತೆಗಿದ್ದವರನ್ನೆಲ್ಲ ಪರೀಕ್ಷೆ ಮಾಡಬೇಕು ಎಂದು. ಆಕೆ ನನ್ನನ್ನು ದುರುಗುಟ್ಟಿ ನೋಡಿ, “ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?” ಎಂದು ಬೈದರು. ನಿನ್ನ ಪಾಲಿನ ಬೈಗುಳವನ್ನೂ ನಾನೇ ತಿಂದೆ.

ಕೆಲಸ ಹೋಗಬಹುದು, ಗೊತ್ತು. ಈ ಎರಡು ಕೈ ಬಿಟ್ಟರೆ ಬೇರೇನೂ ನನಗಿಲ್ಲ ಎನ್ನುವುದೂ ಗೊತ್ತು. ಆದರೂ ನಾನು ತೋಳು ಮಡಿಸಿಯಾಯಿತು. ಇನ್ನು ಯಾರ ಹೆದರಿಕೆ?

ಅಮ್ಮ


ಮಾರ್ಚ್ ೧೨

ಅಮ್ಮಾ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಬರೆದಿದ್ದರೆ ಆ ಕಾಗದ ನೀನು ಓದುವ ಹಾಗಿರುತ್ತಿರಲಿಲ್ಲ.

ನಿನ್ನ ಪತ್ರ ತಲುಪಿದ ದಿನ ಯಜಮಾನರು ಅಂಗಡಿಯ ಬಾಗಿಲು ಹಾಕಿಸಿ ಏನು ಮಾಡಿದರು ಗೊತ್ತಾ? ಹುಳಿಹಿಟ್ಟಿನ ತೊಟ್ಟಿಯನ್ನೇ ಎತ್ತಿಸಿ ಚರಂಡಿಗೆ ಸುರಿಸಿದರು. ಮೇಲೆ ಬ್ಲೀಚಿಂಗ್ ಪೌಡರ್. ಅವರ ಅಪ್ಪನ ಕಾಲದಿಂದ ಒಂದು ದಿನವೂ ಖಾಲಿಯಾಗದ ತೊಟ್ಟಿ. ನಾನು ಓಡಿಹೋಗಿ, “ಟಿಬಿ ಹಿಟ್ಟಿನಿಂದ ಬರಲ್ಲ ಸರ್, ಉಸಿರಿನಿಂದ ಬರೋದು, ಕಿಟಕಿ ತೆಗೆಸಿ ಸಾಕು” ಎಂದೆ. ಅವರು ಏನೆಂದರು ಕೇಳು: “ಸುಮ್ಮನಿರಮ್ಮಾ. ಎಲ್ಲಾ ಶುರುವಾಗೋದು ಹಿಟ್ಟಿನಿಂದಲೇ ಅಂತ ನಿಮ್ಮಮ್ಮನೇ ಎರಡು ಸೀಸನ್ ನಮ್ಮ ತಲೆ ತಿಂದಿಲ್ವಾ? ಗಿರಣಿ ಕಥೆ ಮರೆತಿದ್ದೀನಿ ಅಂದ್ಕೊಂಡ್ಯಾ?”

ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ನೀನು ಅವರನ್ನು ಅಷ್ಟು ಚೆನ್ನಾಗಿ ಒಪ್ಪಿಸಿದ್ದೀಯಾ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗಿರಾಕಿಗಳಿಗೆ ಹಿಟ್ಟು ಕೆಟ್ಟಿತ್ತು ಎಂದಷ್ಟೇ ಹೇಳಿದ್ದಾರೆ. ಕೆಲಸದವರ ಬಾಯಿ ಮುಚ್ಚಿಸಿದ್ದಾರೆ. ನಿನ್ನ ಏಪ್ರನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಮನೆಗೆ ಕಳಿಸಿದರು. ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಕ್ಕಿತಾ ನಿನಗೆ ಬೇಕಾದ್ದು? ಗುಬ್ಬಿ ಅಂದಿನಿಂದ ಕಂಡಿಲ್ಲ. ಅವಳ ಮನೆಗೆ ಬೀಗ.

ಅಂದು ಮನೆಗೆ ಬಂದವಳು ಫ್ರಿಜ್ಜು ತೆಗೆದು ನಿನ್ನ ಜಾಡಿಯನ್ನು ಹಿಡಿದುಕೊಂಡು ಸಿಂಕಿನ ಮುಂದೆ ನಿಂತೆ. ನಲ್ಲಿ ತಿರುಗಿಸಿದೆ.

ಇನ್ನು ಬರೆಯಲಾರೆ.

ಮಗಳು


ಮಾರ್ಚ್ ೧೬

ಮಗಳೇ,

ನಿನ್ನ ಪತ್ರ ಓದಿ ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಕ್ಕೆ. ನನ್ನ ಸಿದ್ಧಾಂತವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಅಭಿಮಾನಿ ಇನ್ನೊಬ್ಬರಿಲ್ಲ! ಆಮೇಲೆ ಕಿಟಕಿಯ ಕಡೆ ತಿರುಗಿ ಮಲಗಿ ಅತ್ತೆ. ಆ ತೊಟ್ಟಿಗೆ ದಿನಾ ಬೆಳಗ್ಗೆ ನನ್ನ ಕೈ ಮೊಣಕೈವರೆಗೆ ಇಳಿಯುತ್ತಿತ್ತು. ಆ ಹಿಟ್ಟಿನ ಬಿಸಿ ಇನ್ನೂ ಕೈಯಲ್ಲಿದೆ.

ಈಗ ಎದುರಿನ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ ಎಂದು ಕೇಳು. ಗುಬ್ಬಿ.

ಅವಳಿಗೆ ಟಿಬಿಯೇ. ಮಕ್ಕಳಿಗೆ ಇಲ್ಲ, ಇಬ್ಬರಿಗೂ ಇಲ್ಲ, ಅವಳ ತಂಗಿಯ ಮನೆಯಲ್ಲಿದ್ದಾರೆ. ಕರವಸ್ತ್ರದಲ್ಲಿ ರಕ್ತ ಕಂಡು ಎಷ್ಟೋ ಕಾಲವಾಗಿತ್ತಂತೆ. ಅದನ್ನು ಮಡಿಸಿ ಮಡಿಸಿ ರವಿಕೆಯ ತೋಳಿನೊಳಗೆ ಸಿಕ್ಕಿಸಿಕೊಂಡು ಬ್ರೆಡ್ಡು ಸುತ್ತುತ್ತಿದ್ದಳಂತೆ. “ನಿಮ್ಮ ಕಾಗದ ಬಂದ ಮೇಲೆ ಧೈರ್ಯ ಬಂತಕ್ಕಾ. ನಿಮಗೂ ಬಂದಿದೆ ಅಂದ್ಮೇಲೆ ನನಗೆ ಬಂದರೇನು ಅನ್ನಿಸ್ತು” ಎಂದಳು. ಇನ್ನು ಸ್ವಲ್ಪ ತಡವಾಗಿದ್ದರೆ ಒಂದು ಕಡೆಯ ಶ್ವಾಸಕೋಶವೇ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು.

ಏನು ಸಿಕ್ಕಿತು ಎಂದು ಕೇಳಿದೆಯಲ್ಲ. ಇದು ಸಿಕ್ಕಿತು. ಭಟ್ಟಿ ಹೋಯಿತು, ಗುಬ್ಬಿ ಸಿಕ್ಕಳು. ಇನ್ನೊಮ್ಮೆ ಬರೆ ಎಂದರೂ ಅದೇ ಪತ್ರ ಬರೆಯುತ್ತೇನೆ.

ನನ್ನ ಕಫದಲ್ಲಿ ಈಗ ಏನೂ ಇಲ್ಲ. ಎರಡು ಸಲ ನೋಡಿದರು. ಇನ್ನು ನನ್ನಿಂದ ಯಾರಿಗೂ ಹರಡುವುದಿಲ್ಲವಂತೆ. ಮೇ ತಿಂಗಳಲ್ಲಿ ಮನೆಗೆ ಬಿಡುತ್ತಾರೆ, ಮಾತ್ರೆ ಮಾತ್ರ ಮುಂದುವರಿಯುತ್ತದೆ. ನರ್ಸಮ್ಮ ಕೇಳಿದರು, “ಕರ್ಕೊಂಡು ಹೋಗೋಕೆ ಯಾರು ಬರ್ತಾರೆ?” ಎಂದು. ಬಸ್ಸು ಬರುತ್ತದೆ ಎಂದೆ.

ನಲ್ಲಿ ತಿರುಗಿಸಿದೆ ಎಂದು ಬರೆದು ನಿಲ್ಲಿಸಿದ್ದೀಯಾ. ಸೀರಿಯಲ್ಲಿನವರ ಚಾಳಿ ನಿನಗೂ ಹತ್ತಿತು. ನನ್ನ ಹಿಟ್ಟು ಬದುಕಿದೆಯೋ ಇಲ್ಲವೋ, ಅದೊಂದು ಹೇಳು.

ಅಮ್ಮ


ಏಪ್ರಿಲ್ ೨೪

ಅಮ್ಮಾ,

ಬದುಕಿದೆ. ನಲ್ಲಿ ತಿರುಗಿಸಿ ಜಾಡಿಯ ಹೊರಗೆ ಅಂಟಿದ್ದನ್ನು ತೊಳೆದು ಮತ್ತೆ ಒಳಗಿಟ್ಟೆ. ಸಿಟ್ಟಿನಲ್ಲೇ ಹಿಟ್ಟು ಕಲಸಿದೆ. ಈಗ ಅದು ಮುಚ್ಚಳವನ್ನೇ ತಳ್ಳಿ ಎದ್ದು ಕೂರುತ್ತದೆ, ನಿನ್ನ ಹಾಗೆಯೇ.

ಗುಬ್ಬಿಯ ವಿಷಯ ಓದಿದ ಮೇಲೆ ಬಹಳ ದಿನ ನನಗೆ ಏನೂ ಬರೆಯಲಾಗಲಿಲ್ಲ. ಧೂಳಿನ ಕೆಮ್ಮು ಎಂದು ನಂಬಿದೆ ಎಂದುಕೊಂಡಿದ್ದೆ. ನಂಬಿರಲಿಲ್ಲ, ಅಮ್ಮಾ. ನಂಬಿದರೆ ಅನುಕೂಲ ಎಂದು ನಂಬಿದೆ. ಅವಳ ತಂಗಿಯ ಮನೆಗೆ ಹೋಗಿ ಮಕ್ಕಳನ್ನು ನೋಡಿಬಂದೆ. ಚಿಕ್ಕವಳು ನನ್ನ ಕನ್ನಡಕ ಕಿತ್ತುಕೊಂಡು ಹಾಕಿಕೊಂಡು, ಅದನ್ನು ವಾಪಸ್ ಕೊಡಲು ಒಪ್ಪಲಿಲ್ಲ.

ಸೀರಿಯಲ್ಲಿನ ಕೊನೆಯ ಕಂತು ನೋಡಿದೆಯಾ? ಗೇಟಿನ ಕಾವಲುಗಾರನಿಗೇ ಕಚ್ಚುತ್ತದೆ. ಅವನು ಯಾರಿಗೂ ಹೇಳದೆ, ತಾನೇ ಗೇಟು ತೆಗೆದು, ಆಚೆ ಹೋಗಿ, ಹೊರಗಿನಿಂದ ಚಿಲಕ ಹಾಕಿಕೊಳ್ಳುತ್ತಾನೆ. ಎಲ್ಲರೂ ಇದನ್ನೇ ಹೊಗಳುತ್ತಿದ್ದಾರೆ. ನಿನಗೆ ಏನನ್ನಿಸಿತು ಎಂದು ಊಹಿಸಬಲ್ಲೆ. ಆದರೂ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ಬೇಕರಿಯಲ್ಲಿ ಬ್ರೆಡ್ಡು ಏಳುತ್ತಿಲ್ಲ. ಅಂಗಡಿಯಿಂದ ತಂದ ಯೀಸ್ಟು ಹಾಕಿ ಮಾಡಿದ್ದು ಸಪ್ಪೆ ಸ್ಪಂಜಿನ ಹಾಗಿದೆ ಎಂದು ಹಳೇ ಗಿರಾಕಿಗಳು ಮೂಗು ಮುರಿಯುತ್ತಿದ್ದಾರೆ. ಮೊನ್ನೆ ಯಜಮಾನರು ನಮ್ಮ ಮೆಟ್ಟಿಲ ಮೇಲೆ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನಿಂತಿದ್ದರು. “ನಿಮ್ಮಮ್ಮ ಮನೆಯಲ್ಲಿ ಒಂದು ಹಿಡಿ ಇಟ್ಕೊಂಡಿರ್ತಾರೆ, ನನಗೆ ಗೊತ್ತು” ಎಂದರು. ಚರಂಡಿಗೆ ಸುರಿದಾಗ ಹಿಟ್ಟಿನಲ್ಲಿ ರೋಗ ಇತ್ತು, ಈಗ ಇಲ್ಲವಾ ಎಂದು ಕೇಳಿದೆ. ಕರವಸ್ತ್ರವನ್ನು ಮೂಗಿನಿಂದ ಇಳಿಸಿದರು. ಆಮೇಲೆ ಹೇಳಿದರು: ಅಮ್ಮ ಬರಲಿ, ಭಟ್ಟಿಯೂ ಅವಳದೇ, ಆದರೆ ಒಂದು ಷರತ್ತು. ಹಿತ್ತಲ ಬಾಗಿಲಿನಿಂದ ಬರಬೇಕು, ಹಿತ್ತಲಿನಿಂದಲೇ ಹೋಗಬೇಕು, ಕೌಂಟರಿನ ಕಡೆ ಬರಕೂಡದು. ಯಾರಾದರೂ ಕೇಳಿದರೆ ಅಕ್ಕನ ಮನೆಯಲ್ಲಿದ್ದೆ ಎನ್ನಬೇಕು.

ಜನವರಿಯಲ್ಲಿ ಈ ಮಾತು ಕೇಳಿದ್ದರೆ ಕುಣಿದಾಡುತ್ತಿದ್ದೆ. ನಾನು ಬೇಡಿಕೊಂಡಿದ್ದು ಇದನ್ನೇ. ಈಗ ಕೇಳಿ ಮೈ ಉರಿಯಿತು, ಯಾಕೋ. ಜಾಡಿ ಕೊಡಲಿಲ್ಲ. “ಅಮ್ಮ ಬರ್ತಾಳೆ. ಅವಳ ಜೊತೆ ಬರುತ್ತೆ” ಎಂದು ಬಾಗಿಲು ಹಾಕಿಕೊಂಡೆ. ತೀರ್ಮಾನ ನಿನ್ನದು. ಭಟ್ಟಿ ನಿನಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ನೀನು ಒಪ್ಪಿಕೊಂಡರೂ ನಾನು ಬಾಯಿ ಬಿಡುವುದಿಲ್ಲ.

ಕನ್ನಡಕದ ಅಂಗಡಿಯಲ್ಲಿ ರಜೆ ಕೇಳಿದೆ. ಯಾಕೆ ಎಂದರು. “ಅಮ್ಮನ್ನ ಟಿಬಿ ಆಸ್ಪತ್ರೆಯಿಂದ ಕರ್ಕೊಂಡು ಬರಬೇಕು” ಎಂದೆ, ಗಿರಾಕಿಗಳ ಮುಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಅವರು ಕುರ್ಚಿ ಹಿಂದೆ ಸರಿಸಿಕೊಂಡರು. ರಜೆ ಕೊಟ್ಟರು. ಕುರ್ಚಿ ಇನ್ನೂ ಹಿಂದೆಯೇ ಇದೆ, ಇರಲಿ.

ಬಸ್ಸು ಹತ್ತಬೇಡ. ನಾನು ಬರುತ್ತೇನೆ. ಗೇಟಿನ ಹತ್ತಿರ ಅಲ್ಲ, ಒಳಗೆ, ನಿನ್ನ ಹಾಸಿಗೆಯ ಹತ್ತಿರ.

ನಿನ್ನ ಮಗಳು

ನಿನ್ನ ಪತ್ರಗಳನ್ನು ಈಗ ಬಿಸಿಲಿಗೆ ಹಾಕುವುದಿಲ್ಲ.


ಏಪ್ರಿಲ್ ೨೮

ಮಗಳೇ,

ಕಾವಲುಗಾರ ಹೊರಗೆ ಹೋದಾಗ ಇಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಚಪ್ಪಲಿ ಹುಡುಕಿದೆ, ಟಿವಿಗೆ ಎಸೆಯಲು. ಕಚ್ಚಿಸಿಕೊಂಡವನು ಯಾರಿಗೂ ತೊಂದರೆ ಕೊಡದೆ, ತನ್ನ ಕೈಯಾರೆ ಚಿಲಕ ಹಾಕಿಕೊಂಡು ತೊಲಗಬೇಕಂತೆ. ಅದಕ್ಕೆ ತ್ಯಾಗ ಎಂದು ಹೆಸರು, ಹಿಂದೆ ಪಿಟೀಲು ಬೇರೆ! ಗುಬ್ಬಿ ನನಗಿಂತ ಜೋರಾಗಿ, “ಅಯ್ಯೋ ಮಂಕೇ, ಒಳಗೆ ಬಾರೋ!” ಎಂದು ಕೂಗಿದಳು. ಟೀಚರಮ್ಮ ರಿಮೋಟಿನಿಂದ ಆಫ್ ಮಾಡಿ, “ಈ ಕಥೆಗೆ ಸೊನ್ನೆ ಮಾರ್ಕು” ಎಂದರು.

ಹಿತ್ತಲ ಬಾಗಿಲಿನ ವಿಷಯಕ್ಕೆ ಇದೇ ನನ್ನ ಉತ್ತರ. ಭಟ್ಟಿ ನನಗೆ ಪ್ರಾಣ. ಹೌದು. ಅದಿಲ್ಲದೆ ಏನು ಮಾಡುವುದೆಂದು ನಿಜವಾಗಿ ಗೊತ್ತಿಲ್ಲ, ಹೆದರಿಕೆಯೂ ಆಗುತ್ತದೆ. ಆದರೂ ಆ ಬಾಗಿಲಿನಿಂದ ಹೋಗುವುದಿಲ್ಲ. ನಾನು ಹಿತ್ತಲಿನಿಂದ ಹೋದರೆ ನಾಳೆ ಗುಬ್ಬಿಯೂ ಹಿತ್ತಲಿನಿಂದ ಹೋಗಬೇಕಾಗುತ್ತದೆ, ಅವಳ ಹಿಂದೆ ಇನ್ನೊಬ್ಬಳು ಕರವಸ್ತ್ರ ಮಡಿಸುತ್ತಾಳೆ.

ಬರುವಾಗ ಏಪ್ರನ್ ತಾ. ಒಗೆದು ತಾ.

ಅಮ್ಮ


ಮೇ ೧೭

ಗುಬ್ಬೀ,

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳುವ ಆಟ ಬೇಡ. ಟೀಚರಮ್ಮನಿಗೆ ಕಾಯಲು ಹೇಳಿ ಬಂದಿದ್ದೇನೆ.

ನನ್ನ ಮಗಳು ವಾರ್ಡಿನೊಳಗೆ ಬಂದದ್ದನ್ನು ನೀನೇ ನೋಡಿದೆಯಲ್ಲ, ಆ ಕಥೆ ಬೇಡ. ಅವಳು ನನ್ನ ಹಾಸಿಗೆಯ ಮೇಲೆ ಕೂತಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ ಎಂದು ನಗುತ್ತಿದ್ದೆಯಂತೆ, ಅದೂ ಬೇಡ. ಬೇಕರಿಯ ಕಥೆ ಹೇಳುತ್ತೇನೆ.

ಬೆಳಗಿನ ಬ್ರೆಡ್ಡಿಗೆ ಸಾಲು ನಿಲ್ಲುವ ಹೊತ್ತಿಗೇ ಹೋದೆ. ಜಾಡಿಯನ್ನು ಎದೆಗೆ ಅವಚಿಕೊಂಡು, ಮಗಳನ್ನು ಪಕ್ಕಕ್ಕೆ ಕರೆದುಕೊಂಡು, ಮುಂದಿನ ಬಾಗಿಲಿನಿಂದ. ಯಜಮಾನರು ಕೌಂಟರಿನ ಹಿಂದಿನಿಂದ ಹುಬ್ಬು ಹಾರಿಸಿ, ಕಣ್ಣಿನಲ್ಲೇ ಹಿತ್ತಲ ಕಡೆ ತೋರಿಸಿದರು. ನಾನು ಜಾಡಿಯನ್ನು ಕೌಂಟರಿನ ಮೇಲೆ ಇಟ್ಟೆ. ಏಪ್ರನ್ ಕಟ್ಟಿಕೊಂಡೆ. ತೋಳು ಮಡಿಸಿದೆ. ಹೆದರಿಕೆ ಇತ್ತು, ಗುಬ್ಬಿ, ನಿನ್ನ ಹತ್ತಿರ ಸುಳ್ಳು ಯಾಕೆ. ಆಮೇಲೆ ಸಾಲಿನ ಕಡೆ ತಿರುಗಿ ಹೇಳಿದೆ:

“ಈ ಅಂಗಡಿ ಬ್ರೆಡ್ಡು ಇಷ್ಟು ವರ್ಷ ಬೇಯಿಸಿದವಳು ನಾನು. ನನಗೆ ಟಿಬಿ ಬಂದಿತ್ತು. ಆಸ್ಪತ್ರೇಲಿದ್ದೆ, ಅಕ್ಕನ ಮನೇಲಲ್ಲ. ಈಗ ನನ್ನಿಂದ ಯಾರಿಗೂ ಬರಲ್ಲ. ಇವತ್ತಿಂದ ಮತ್ತೆ ಭಟ್ಟಿ ಮುಂದೆ ನಿಲ್ತೀನಿ. ಬೇಕಾದೋರು ಕಾಯಿರಿ, ಬೇಡದೋರು ಹೋಗಿ. ಕೆಮ್ಮು ಇರೋರು ಮಾತ್ರ ನಾಚಿಕೊಳ್ದೆ ಹೋಗಿ ತೋರಿಸ್ಕೊಳ್ಳಿ.”

ಯಜಮಾನರ ಮುಖ ಸುಣ್ಣ ಬಳಿದ ಹಾಗಾಯಿತು. ಸಾಲು ಅಲ್ಲೇ ಒಡೆಯಿತು. ಅರ್ಧಕ್ಕರ್ಧ ಜನ ಹೊರಟುಹೋದರು. ಒಬ್ಬಾಕೆ ಆಗಲೇ ಕೈಗೆ ತೆಗೆದುಕೊಂಡಿದ್ದ ಬನ್ನನ್ನು ಕೌಂಟರಿನ ಮೇಲೆ ವಾಪಸ್ ಇಟ್ಟು ಹೋದಳು, ಅದನ್ನು ಮಾಡಿದವಳು ನಾನೂ ಅಲ್ಲ! “ಹಾಳು ಮಾಡಿಬಿಟ್ರಲ್ಲಾ ನನ್ನ ವ್ಯಾಪಾರಾನ” ಎಂದು ಯಜಮಾನರು ಹಲ್ಲು ಕಡಿದರು. “ತೊಟ್ಟಿ ಚೆಲ್ಲಿದವರು ನೀವು. ನಾನು ತುಂಬಿಸೋಕೆ ಬಂದಿದ್ದೀನಿ. ಬೇಡ ಅಂದ್ರೆ ಈಗಲೇ ಹೇಳಿ, ಜಾಡಿ ಎತ್ಕೊಂಡು ಹೋಗ್ತೀನಿ” ಎಂದೆ. ಅವರು ಜಾಡಿಯನ್ನು ನೋಡಿದರು. ಹೊರಗೆ ಇನ್ನೂ ನಿಂತಿದ್ದವರನ್ನು ನೋ‍ಡಿದರು. ಬೇಡ ಎನ್ನಲಿಲ್ಲ. ಬೇಕು ಎಂದೂ ಅವರ ಬಾಯಿಂದ ಬರಲಿಲ್ಲ. ಅಷ್ಟೇ ಸಾಕೆಂದು ನಾನು ಒಳಗೆ ನಡೆದೆ.

ಮೊದಲು ಆ ಹಾಳು ಕಿಟಕಿಯನ್ನು ತೆಗೆಸಿದೆ. ಹಿಟ್ಟಿಗೆ ಗಾಳಿ ತಾಗಿದರೆ ತಾಗಲಿ, ಒದ್ದೆ ಬಟ್ಟೆ ಮುಚ್ಚಿದರಾಯಿತು. ಜಾಡಿಯದನ್ನು ತೊಟ್ಟಿಗೆ ಸುರಿದು ಹೊಸ ಹಿಟ್ಟು ಹಾಕಿ ನಾದಿದೆ. ಮರುದಿನ ನೋಡಿದರೆ ಒಂದು ಹಿಡಿ ಹಳೆಯದು ಇಡೀ ತೊಟ್ಟಿಗೆ ಹತ್ತಿಕೊಂಡಿತ್ತು, ಎಲ್ಲ ಉಬ್ಬಿ ಎದ್ದು ಕೂತಿತ್ತು. ಹತ್ತಿಕೊಳ್ಳುವುದೆಲ್ಲ ಕೆಟ್ಟದ್ದಲ್ಲ ಎಂದು ಆ ಸೀರಿಯಲ್ ಬರೆಯುವವರಿಗೆ ಯಾರಾದರೂ ಹೇಳಬೇಕು.

ಮೊದಲ ಬ್ರೆಡ್ಡು ಭಟ್ಟಿಯಿಂದ ಬಂದಾಗ ಹೊರಗೆ ಒಂದಷ್ಟು ಜನ ನಿಂತಿದ್ದರು. ನಮ್ಮ ಕೆಳಗಿನ ಮನೆಯ ಟೈಲರ್ ಕೂಡ, ಸ್ವಲ್ಪ ದೂರದಲ್ಲಿ, ಕೈಕಟ್ಟಿಕೊಂಡು. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡಿದರು.

ಆಗ ನನ್ನ ಮಗಳು ಕೌಂಟರಿನ ಒಳಗೆ ಕೈ ಹಾಕಿ ಬಿಸಿ ಬಿಸಿ ಬ್ರೆಡ್ಡೊಂದನ್ನು ತೆಗೆದುಕೊಂಡಳು. ಇಕ್ಕಳ ಇತ್ತು, ಮುಟ್ಟಲಿಲ್ಲ. ನನ್ನ ಪತ್ರಗಳನ್ನು ಬಿಸಿಲಿಗೆ ಒಣಗಿಸಿ ಓದುತ್ತಿದ್ದವಳು, ಮುಂದಿನ ಬಾಗಿಲ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ ನಿಂತು, ಬೆರಳು ಸುಡುತ್ತಿದ್ದರೂ ಬರಿಗೈಯಲ್ಲಿ ಅದನ್ನು ಮುರಿದು ಬಾಯಿ ತುಂಬ ಕಚ್ಚಿ ತಿಂದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಬಿಸಿಗೋ ಏನೋ, ಕೇಳಲಿಲ್ಲ. “ಅಮ್ಮಾ, ಉಪ್ಪು ಸ್ವಲ್ಪ ಕಮ್ಮಿ” ಎಂದಳು. ಬ್ರೆಡ್ಡು ಚೆನ್ನಾಗಿಯೇ ಇತ್ತು, ಗುಬ್ಬಿ. ಅವಳಿಗೆ ಏನಾದರೂ ಜಗಳ ತೆಗೆಯಬೇಕಿತ್ತು, ಅಷ್ಟೇ.

ಆಮೇಲೆ ಒಬ್ಬರು ಬಂದರು. ಆಮೇಲೆ ಇನ್ನೊಬ್ಬರು. ಟೈಲರ್ ಬರಲಿಲ್ಲ, ಆದರೆ ಹೋಗಲೂ ಇಲ್ಲ, ಕೊನೆಯವರೆಗೂ ಅಲ್ಲೇ ನಿಂತಿದ್ದರು. ದಿನದ ಕೊನೆಗೆ ಬಹಳ ಬ್ರೆಡ್ಡು ಉಳಿಯಿತು. ಮರುದಿನ ಅದಕ್ಕಿಂತ ಕಡಿಮೆ ಉಳಿಯಿತು.

ನಿನ್ನ ಸುತ್ತುವ ಮೇಜಿಗೆ ಬೇರೆಯವರನ್ನು ಕೂರಿಸಬೇಕೆಂದು ಯಜಮಾನರು ಹೊರಟಿದ್ದರು. ಅದರ ಮೇಲೆ ನನ್ನ ಖಾಲಿ ಜಾಡಿಯನ್ನು ಇಟ್ಟಿದ್ದೇನೆ. ಅದನ್ನು ತೆಗೆಯುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಮೈಯಲ್ಲಿ ಶಕ್ತಿ ತುಂಬಿಕೊಂಡು ಬಾ, ನೀನೇ ಬಂದು ತೆಗೆ. ಮುಂದಿನ ಬಾಗಿಲಿನಿಂದ ಬಾ.

ನಿನ್ನ ದಾರಿ ನೋಡುತ್ತಿರುವ,
ಭಟ್ಟಿಯ ಅಕ್ಕ